ವಾಸನೆ ಕಳೆದ ಎಣ್ಣೆ

ಮೇದಪ್ಪ ಚಮಚವನ್ನು ಮೂಗಿನ ಹತ್ತಿರ ಹಿಡಿದ. ಇನ್ನೊಮ್ಮೆ ಹಿಡಿದ. ಆಮೇಲೆ ನಾಲಿಗೆಯ ತುದಿಗೆ ಮುಟ್ಟಿಸಿಕೊಂಡ.

"ಸಾರಮ್ಮ, ಇದು ಎಂತ ಎಣ್ಣೆ?"

"ಮೀನೆಣ್ಣೆ, ಮೇದಪ್ಪಣ್ಣ. ಡಾಕ್ಟ್ರಮ್ಮ ಹೇಳಿದ್ದಲ್ವಾ, ಮೂರು ಗಂಟೆಗೊಮ್ಮೆ ಒಂದು ಚಮಚ. ನಾಲ್ಕು ದಿನದಿಂದ ಒಂದು ಹೊತ್ತೂ ತಪ್ಪಿಸಲಿಲ್ಲ."

"ಎಲ್ಲಿಂದ ತಂದದ್ದು?"

ಸಾರಮ್ಮ ಮಡಿಲಲ್ಲಿದ್ದ ಮಗುವಿನ ತಲೆಯನ್ನು ಸೆರಗಿನಿಂದ ಮುಚ್ಚಿದಳು. ಮೂರು ವರ್ಷದ ಲೈಲಾಳ ಬಲಗಣ್ಣು ಕಳೆದ ವಾರವೇ ಹೋಗಿತ್ತು. ಎಡಗಣ್ಣಿನ ಕರಿಗುಡ್ಡೆ ಹೊಗೆ ಹಿಡಿದ ಚಿಮಿಣಿ ಗಾಜಿನ ಹಾಗೆ ಮಸುಕಾಗಿತ್ತು. ಬೆಳಗ್ಗೆ ಪುತ್ತೂರಿನಿಂದ ಜೀಪಿನಲ್ಲಿ ಬಂದ ಡಾಕ್ಟರಮ್ಮ ಅದನ್ನು ನೋಡಿ, "ನಾಲ್ಕು ದಿನ ಎಣ್ಣೆ ಕುಡಿದ ಮಗುವಿನ ಕಣ್ಣು ಹೀಗಿರಬಾರದು" ಎಂದು ಹೇಳಿ ಹೋಗಿದ್ದರು. ಆ ಮಾತು ಮೇದಪ್ಪನ ಕಿವಿಯಲ್ಲಿ ಕೂತಿತ್ತು. ಅದಕ್ಕೇ ಮಧ್ಯಾಹ್ನದ ಊಟ ಬಿಟ್ಟು ಸೈಕಲ್ ಹತ್ತಿ ಕಡಬದ ಪೊಲೀಸ್ ಹೊರಠಾಣೆಯಿಂದ ಮುಂಡೋಳೆಗೆ ಬಂದಿದ್ದ.

"ಶಿಶುಮಂದಿರದ್ದೇ ಅಲ್ವಾ?"

"ಹೌದು" ಎಂದಳು ಸಾರಮ್ಮ. "ಡಾಕ್ಟ್ರಮ್ಮನ ಹತ್ತಿರ ಹೇಳ್ಲಿಲ್ಲ. ಹೇಳಿದ್ರೆ ಚೆಲ್ಲು ಅಂತಿದ್ರು."

"ಊರಿಡೀ ಆ ಎಣ್ಣೆಯಲ್ಲಿ ಮೋಸ ಉಂಟು ಅಂತ ಹೇಳ್ತಾ ಇರುವಾಗ ನೀನು ಅದನ್ನೇ—"

"ಅದು ನನ್ನ ಬಾಪ ಪುತ್ತೂರಿನಿಂದ ಹೊತ್ತು ತಂದ ಎಣ್ಣೆ." ಸಾರಮ್ಮ ತಲೆ ಎತ್ತಿದಳು. "ನಾನೇ ಕುಡಿಸದಿದ್ರೆ ಮತ್ತೆ ಯಾರು ನಂಬ್ತಾರೆ, ಹೇಳಿ. ನನ್ನ ಬಾಪ ಕಳ್ಳ ಅಂತ ನಾನೇ ಹೇಳಿದ ಹಾಗಾಗುದಿಲ್ವಾ?"

ಈ ವರ್ಷ ಐದು ಮಕ್ಕಳ ಕಣ್ಣು ಹೋಗಿ, ಎಣ್ಣೆ ಸಾಗಿಸುತ್ತಿದ್ದ ಅವಳ ಅಪ್ಪ ಮೂಸಕುಂಞಿ ಕಲಬೆರಕೆಯ ಆರೋಪದ ಮೇಲೆ ರಿಮಾಂಡಾಗಿ ಲಾಕಪ್ಪಿನಲ್ಲಿ ಕೂತಿದ್ದ. ಅವನನ್ನು ಒಳಗೆ ಹಾಕಿದ್ದು ಮೇದಪ್ಪನ ಕೈಯೇ. ನಾಳೆ ಬೆಳಗ್ಗೆ ಪುತ್ತೂರಿನ ಕೋರ್ಟಿಗೆ ಕರೆದುಕೊಂಡು ಹೋಗಬೇಕಾದದ್ದೂ ಅದೇ ಕೈ.

ಅವನು ಚಮಚದ ಎಣ್ಣೆಯನ್ನು ಅಂಗೈಗೆ ಸುರಿದು ತಿಕ್ಕಿದ. ಕಡಲಬದಿಯ ಠಾಣೆಯಲ್ಲಿ ನಾಲ್ಕು ವರ್ಷ ದುಡಿದವನಿಗೆ ಮೀನೆಣ್ಣೆ ಗೊತ್ತಿಲ್ಲದ ಸರಕಲ್ಲ. ಮೂರು ಸಲ ಸಾಬೂನು ಹಾಕಿದರೂ ಬಿಡದ ವಾಸನೆ ಅದು. ಅಂಗಿಗೆ ತಾಗಿದರೆ ಹೆಂಡತಿ ಪೂವಮ್ಮ ಅವನನ್ನು ಅಡುಗೆಮನೆಗೆ ಸೇರಿಸುತ್ತಿರಲಿಲ್ಲ.

ಅಂಗೈಯಲ್ಲಿ ಈಗ ಕರಿಬೇವಿನ ವಾಸನೆ ಇತ್ತು. ತುಳಸಿಯದ್ದೂ ಸ್ವಲ್ಪ. ಮೀನಿನದ್ದು ಇಲ್ಲವೇ ಇಲ್ಲ.

"ಮೊದಲಿನಿಂದಲೂ ಹೀಗೇ ಇತ್ತಾ?"

"ಇಲ್ಲ ಇಲ್ಲ. ಮೊದಲು ಬಾಯಿಗೆ ಹಾಕಿದ್ರೆ ಮಕ್ಕಳು ಕಕ್ಕುತ್ತಿದ್ವು. ಈಗ ಪಾಪ, ಎಲ್ಲ ಮಕ್ಕಳೂ ಬಾಯಿ ತೆರೀತವೆ. ಪರಮೇಶ್ವರಿಯಮ್ಮ ಬಂದ ಮೇಲೆ ವಾಸನೆ ಹೋಯ್ತು. ಅವರ ಕೈಗುಣ ಅಂತ ಎಲ್ಲರೂ ಹೇಳುದು."

ಮೇದಪ್ಪ ಟೊಪ್ಪಿ ತಲೆಗಿಟ್ಟುಕೊಂಡು ಎದ್ದ. ಹೊಸ್ತಿಲು ದಾಟುವಾಗ ಹಿಂದಿನಿಂದ ಲೈಲಾ ಕೇಳಿದಳು:

"ಅಜ್ಜ ಬಂದ್ರಾ, ಉಮ್ಮ?"

ನಡುಹಗಲು. ಅವನು ಅವಳಿಂದ ಮೂರು ಮಾರು ದೂರದಲ್ಲಿ, ಬೆಳಕಿಗೇ ನಿಂತಿದ್ದ.

*

ಶಿಶುಮಂದಿರವೆಂದರೆ ಊರವರು ಸೇರಿ ಕಟ್ಟಿದ ಒಂದು ಹಂಚಿನ ಚಾವಡಿ. ಅದರ ಹಿಂದೆ ಅಡುಗೆಯ ಕೊಟ್ಟಿಗೆ. ದಿನಾ ಬೆಳಗ್ಗೆ ಅರುವತ್ತು ಮಕ್ಕಳಿಗೆ ಅಲ್ಲಿ ಹಾಲುಹುಡಿ ಕಲಸಿದ ಹಾಲು, ಒಂದು ಚಮಚ ಎಣ್ಣೆ.

ಮೇದಪ್ಪ ಎದುರು ಬಾಗಿಲಿಗೆ ಹೋಗಲಿಲ್ಲ. ಹಿತ್ತಲಿಗೆ ಸುತ್ತಿ ಬಂದ. ಬಂದವನು ಹಾಗೇ ನಿಂತುಬಿಟ್ಟ.

ಕೆಂಪು ಮುರಕಲ್ಲಿನ ಗಿಡ್ಡ ಗೋಡೆಯ ಮೇಲೆ ಹದಿನಾಲ್ಕು ಬಿಳಿ ಸೀಸೆಗಳು ಸಾಲಾಗಿ ಬಿಸಿಲು ಕಾಯುತ್ತಿದ್ದವು. ಬಾಯಿಗೆ ತೆಳು ಬಟ್ಟೆ ಕಟ್ಟಿತ್ತು. ಒಳಗೆ ನೀರಿನ ಹಾಗೆ ತಿಳಿಯಾದ ಎಣ್ಣೆ ಮಿನುಗುತ್ತಿತ್ತು. ಪಕ್ಕದ ಒಲೆಯ ಮೇಲೆ ತಾಮ್ರದ ಪಾತ್ರೆ, ತಳದಲ್ಲಿ ಕರಿದು ಕಪ್ಪಾದ ಕರಿಬೇವಿನ ಸೊಪ್ಪು.

"ಯಾರದು? ಓ, ಮೇದಪ್ಪ ಗೌಡ್ರಾ! ಹಿಂದಿನಿಂದ ಬರುದು ಎಂತಕ್ಕೆ, ಕಳ್ಳರ ಹಾಗೆ?" ಪರಮೇಶ್ವರಿಯಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಬಂದರು. ಐವತ್ತರ ಆಸುಪಾಸಿನ ವಿಧವೆ. ಸಂಬಳ ತೆಗೆದುಕೊಳ್ಳದೆ ಮಕ್ಕಳಿಗಾಗಿ ದುಡಿಯುವವರೆಂದು ಊರಿನಲ್ಲಿ ಅವರಿಗೆ ದೊಡ್ಡ ಹೆಸರು. "ಕುಳಿತುಕೊಳ್ಳಿ, ಮಜ್ಜಿಗೆ ತರ್ತೇನೆ."

"ಮಜ್ಜಿಗೆ ಬೇಡ. ಈ ಸೀಸೆಗಳಲ್ಲಿ ಎಂತ?"

"ಅದಾ? ಮಕ್ಕಳ ಎಣ್ಣೆ."

"ಬಿಸಿಲಿಗೆ ಯಾಕೆ ಇಟ್ಟದ್ದು?"

ಪರಮೇಶ್ವರಿಯಮ್ಮನ ಮುಖ ಅರಳಿತು. ಯಾರಾದರೂ ಕೇಳಲಿ ಎಂದು ಅವರು ಬಹಳ ದಿನದಿಂದ ಕಾದಿದ್ದರು.

"ನಾನು ಬರುವ ಮೊದಲು ಇಲ್ಲಿಯ ಅವಸ್ಥೆ ನೋಡ್ಬೇಕಿತ್ತು ನೀವು. ಡಬ್ಬಿ ತೆರೆದ್ರೆ ನಾಯಿ ಓಡ್ಬೇಕು, ಅಂಥ ವಾಸನೆ. ಅರ್ಧ ಮಕ್ಕಳು ಕಕ್ಕುದು, ಅರ್ಧ ಮಕ್ಕಳು ಓಡುದು. ಮೀನು ಮುಟ್ಟದ ಮನೆಯವರು ಮಕ್ಕಳನ್ನು ಕಳಿಸುದೇ ಇಲ್ಲ. ಹೋಟೆಲಿನ ಗೌರೀಶಂಕರ ನನ್ನ ಹತ್ತಿರ ಅತ್ತುಬಿಟ್ಟ. 'ಹಾಲು ಬೇಕು ಅಕ್ಕ, ಆ ಎಣ್ಣೆ ಮಾತ್ರ ನಮ್ಮಿಂದ ಆಗುದಿಲ್ಲ' ಅಂತ. ನನಗೆ ತಲೆಗೆ ಹಾಕುವ ಎಣ್ಣೆ ಕಾಯಿಸಿ ಅಭ್ಯಾಸ ಉಂಟಲ್ಲ? ಅದೇ ಕ್ರಮ ಮಾಡಿದೆ. ತಾಮ್ರದ ಪಾತ್ರೆಗೆ ಹಾಕಿ, ಕರಿಬೇವು ತುಳಸಿ ಸೇರಿಸಿ, ಸೊಪ್ಪು ಗರಿಗರಿ ಆಗುವವರೆಗೆ ಕಾಯಿಸುದು. ಸೋಸಿ ಸೀಸೆಗೆ ತುಂಬಿಸಿ ಬಿಸಿಲಿಗಿಡುದು. ವಾಸನೆಯೂ ಹೋಯ್ತು, ಬಣ್ಣವೂ ಹೋಯ್ತು. ಈಗ ಯಾವ ಜಾತಿಯ ಮಗುವೂ ಬೇಡ ಅನ್ನುದಿಲ್ಲ. ಮೊದಮೊದಲಿನ ಡಬ್ಬಿಗಳಿಗೆ ಏಳೇಳು ದಿನ ಬಿಸಿಲು ಬೇಕಿತ್ತು. ಈಚಿನವು ಒಳ್ಳೆಯ ಮಾಲು, ಮೂರೇ ದಿನ ಸಾಕು."

ಮೇದಪ್ಪ ಹತ್ತಿರದ ಸೀಸೆಯನ್ನು ಮುಟ್ಟಿದ. ಬಿಸಿಲಿಗೆ ಗಾಜು ಸುಡುತ್ತಿತ್ತು.

ಅವನಿಗೆ ಡಾಕ್ಟರಮ್ಮನ ಸೀಸೆ ನೆನಪಾಯಿತು. ನಾಲ್ಕು ದಿನದ ಹಿಂದೆ ಲೈಲಾಳ ಬಾಯಿಗೆ ಅವರು ಕೊನೆಯ ಅರ್ಧ ಚಮಚ ಸುರಿದಿದ್ದರು. ಆ ಸೀಸೆಗೆ ಕಪ್ಪು ಕಾಗದ ಸುತ್ತಿತ್ತು. ಯಾಕೆ ಎಂದು ಅವನು ಕೇಳಿದ್ದ.

"ಹಾಲುಹುಡಿಯಲ್ಲಿ ಬೆಣ್ಣೆಯ ಅಂಶ ಪೂರಾ ತೆಗೆದಿರ್ತಾರೆ, ಮೇದಪ್ಪ. ಕಣ್ಣಿಗೆ ಬೇಕಾದ ಜೀವಸತ್ವ ಕರಗುದು ಕೊಬ್ಬಿನಲ್ಲಿ, ಎಣ್ಣೆಯಲ್ಲಿ. ಬೆಣ್ಣೆಯೊಟ್ಟಿಗೆ ಅದೂ ಹೋಗ್ತದೆ. ಅದಕ್ಕೇ ಈ ಎಣ್ಣೆ ಜತೆಗೆ ಬೇಕೇ ಬೇಕು. ಆದ್ರೆ ಆ ಸತ್ವಕ್ಕೆ ಬೆಳಕು ಆಗುದಿಲ್ಲ, ಗಾಳಿಯಲ್ಲಿ ಕಾಯಿಸಿದ್ರೆ ಆಗುದಿಲ್ಲ. ಬಿಸಿಲು ಕಂಡ್ರೆ ಅದರ ಜೀವ ಹೋಗ್ತದೆ."

"ಹಾಗಾದ್ರೆ ಅರುವತ್ತು ಮಕ್ಕಳಲ್ಲಿ ಐದೇ ಮಕ್ಕಳಿಗೆ ಯಾಕೆ?"

"ಮೈ ಅದನ್ನು ದಾಸ್ತಾನು ಇಟ್ಟುಕೊಳ್ತದೆ. ಮನೆಯಲ್ಲಿ ಮೀನು, ತುಪ್ಪ, ಸೊಪ್ಪು ತಿಂದ ಮಗುವಿಗೆ ಕೆಲವು ತಿಂಗಳಿನದ್ದು ಒಳಗೆ ಇರ್ತದೆ. ಬಡವರ ಮಗು, ಮೇಲಿಂದ ದಡಾರ ಬಂದು ಹೋಗಿದೆ, ಭೇದಿಯೂ ಆಗ್ತಾ ಉಂಟು ಅಂದ್ರೆ, ದಾಸ್ತಾನು ಖಾಲಿ."

ಆ ದಿನ ಅದು ಅವನಿಗೆ ಬರೀ ಡಾಕ್ಟರರ ಮಾತಾಗಿ ಕೇಳಿತ್ತು. ಈಗ ಈ ಗೋಡೆಯ ಮೇಲೆ ಅದು ಹದಿನಾಲ್ಕು ಸೀಸೆಯಾಗಿ ನಿಂತಿತ್ತು.

"ಗೌಡ್ರೇ, ಎಂತ ಹೀಗೆ ನೋಡ್ತೀರಿ?"

ಹೇಗೆ ಹೇಳಿದರೆ ನೋವು ಕಡಿಮೆಯಾದೀತು ಎಂದು ಮೇದಪ್ಪ ಒಂದು ಗಳಿಗೆ ಯೋಚಿಸಿದ. ಅಂಥ ದಾರಿ ಇರಲಿಲ್ಲ. ನೇರವಾಗಿಯೇ ಹೇಳಿದ.

ಪರಮೇಶ್ವರಿಯಮ್ಮ ಮೊದಲು ನಕ್ಕರು. "ಎಂತ ಹೇಳ್ತೀರಿ ಮಾರಾಯ್ರೆ, ಎಣ್ಣೆ ಬಿಸಿಲಿಗಿಟ್ಟರೆ ಹಾಳಾಗ್ತದಾ? ನಮ್ಮ ಅಜ್ಜಿಯ ಕಾಲದಿಂದ..." ಎಂದರು. ಅರ್ಧದಲ್ಲಿ ನಿಲ್ಲಿಸಿದರು. ಕಣ್ಣು ಸೀಸೆಯಿಂದ ಸೀಸೆಗೆ ಹೋಯಿತು.

"ರಬ್ಬರ್ ತೋಟದ ಆ ಅವಳಿ ಮಕ್ಕಳು..."

"ಹ್ಞಾಂ."

"ಸುಲೈಮಾನನ ಮಗಳು. ಗೌರೀಶಂಕರನ ಮಗ. ಅವನನ್ನು ನಾನೇ ಹೋಗಿ ಕರೆದುಕೊಂಡು ಬಂದದ್ದು, ಗೌಡ್ರೇ. ಇನ್ನು ವಾಸನೆ ಇಲ್ಲ, ಕಳಿಸು ಅಂತ ಕೈ ಹಿಡಿದು ಹೇಳಿದ್ದು." ಅವರು ಗೋಡೆಗೆ ಒರಗಿ ಹಾಗೇ ನೆಲಕ್ಕೆ ಕುಸಿದರು. ಒಂದು ಸೀಸೆ ಉರುಳಿ ಒಡೆಯಿತು. ಎಣ್ಣೆ ಅವರ ಸೀರೆಯ ಅಂಚಿಗೆ ಹರಿದು ಬಂದರೂ ಕಾಲು ತೆಗೆಯಲಿಲ್ಲ. "ಲೈಲಾ?"

"ಅವಳಿಗೆ ನಾಲ್ಕು ದಿನದಿಂದ ಕೊಟ್ಟದ್ದೂ ಇದೇ."

"ನಾನೇ ತುಂಬಿಸಿ ಕೊಟ್ಟದ್ದು. ಸಾರಮ್ಮ ಬಂದು ಕೇಳಿದಾಗ ಎಲ್ಲಕ್ಕಿಂತ ಹೆಚ್ಚು ಬಿಸಿಲು ಕಂಡ ಸೀಸೆಯನ್ನೇ ಹುಡುಕಿ ಕೊಟ್ಟೆ. ಮಗುವಿಗೆ ಹುಷಾರಿಲ್ಲ, ಕಕ್ಕಬಾರದು ಅಂತ." ಎರಡೂ ಕೈ ಮುಂದೆ ಚಾಚಿದರು. "ಬೇಡಿ ಹಾಕಿ. ಆ ಮೂಸಕುಂಞಿ ಬ್ಯಾರಿಯನ್ನು ಬಿಟ್ಟು ನನ್ನನ್ನು ಹಾಕಿ."

"ನಿಮ್ಮನ್ನು ಹಾಕಿದ್ರೆ ಕಣ್ಣು ಬರ್ತದಾ, ಅಮ್ಮ?" ಮೇದಪ್ಪ ಆ ಕೈಗಳನ್ನು ಕೆಳಗಿಳಿಸಿದ. ಗದರಿಸಲು ಅವನಲ್ಲಿ ಶಕ್ತಿ ಇರಲಿಲ್ಲ. "ಕಾಯಿಸದ ಎಣ್ಣೆ ಎಲ್ಲಿಯಾದ್ರೂ ಉಳಿದಿದೆಯಾ? ಒಂದು ಲೋಟ? ಅರ್ಧ ಲೋಟ?"

"ಬಂದದ್ದನ್ನೆಲ್ಲ ಕಾಯಿಸಿದೆ. ತೆರೆಯದ್ದು ಒಂದೇ ಡಬ್ಬಿ ಇತ್ತು. ಅದನ್ನು ನೀವೇ ಅವತ್ತು ತೆಗೆದುಕೊಂಡು ಹೋದದ್ದಲ್ವಾ, ಅರಗು ಹಾಕಿ?"

*

ಕಡಬಕ್ಕೆ ಎರಡು ಮೈಲು. ಏರಿನಲ್ಲಿ ಸೈಕಲ್ ತಳ್ಳುವಾಗ ಮೇದಪ್ಪನಿಗೆ ಡಾಕ್ಟರಮ್ಮನ ಬೆಳಗ್ಗಿನ ಮಾತು ಕೇಳುತ್ತಲೇ ಇತ್ತು. ಪುತ್ತೂರಿನಲ್ಲಿ ಎಣ್ಣೆಯ ದಾಸ್ತಾನು ಮುಗಿದಿತ್ತು. ಮಂಗಳೂರಿಗೆ ತಂತಿ ಕೊಟ್ಟಾಗಿತ್ತು. ಇಂಜೆಕ್ಷನ್ ಬಂದರೆ ನಾಡಿದ್ದು. ಮಗುವನ್ನೇ ಮಂಗಳೂರಿಗೆ ಕರೆದುಕೊಂಡು ಹೋಗೋಣವೆಂದರೆ ಡಾಕ್ಟರಮ್ಮನ ಜೀಪು ಬೇರೆ ಊರಿಗೆ ಹೋಗಿತ್ತು, ಮಧ್ಯಾಹ್ನದ ಬಸ್ಸೂ ಹೋಗಿಯಾಗಿತ್ತು. ನಿನ್ನೆ ಅವನೇ ಆಡಿನ ಈಲಿ, ಅಂದರೆ ಯಕೃತ್ತು, ಹುಡುಕಿ ತಂದು ಕೊಟ್ಟಿದ್ದ. ಅದರ ಸಾರನ್ನು ಲೈಲಾ ಎರಡೇ ಗುಟುಕಿಗೆ ಕಕ್ಕಿದ್ದಳು.

"ಇವತ್ತು ಕತ್ತಲೆಯ ಒಳಗೆ ಸತ್ವ ಇರುವ ಎಣ್ಣೆ ಹೊಟ್ಟೆಗೆ ಹೋದ್ರೆ ಆ ಕಣ್ಣು ನಿಂತೀತು. ಇಲ್ಲದಿದ್ರೆ ನಾಳೆ ಬೆಳಗ್ಗೆ ಗುಡ್ಡೆ ಒಡೆದಿರ್ತದೆ" ಎಂದಿದ್ದರು ಡಾಕ್ಟರಮ್ಮ.

ಹೊರಠಾಣೆಯೆಂದರೆ ಒಂದು ಕೋಣೆ, ಒಂದು ಲಾಕಪ್ಪು, ಒಂದು ಜಗಲಿ. ಇದ್ದೊಬ್ಬ ಪೇದೆ ಸಮನ್ಸ್ ಹಿಡಿದುಕೊಂಡು ಪುತ್ತೂರಿಗೆ ಹೋಗಿದ್ದ. ಜಗಲಿಯ ಬೆಂಚಿನಲ್ಲಿ ಮೇದಪ್ಪನ ಅಳಿಯ ಶ್ಯಾಮ ಕೂತಿದ್ದ. ಹಾಲುಹುಡಿ, ಎಣ್ಣೆ ಹಂಚುವ ಸಂಘಕ್ಕೆ ಪುತ್ತೂರಿನಲ್ಲಿ ಉಗ್ರಾಣ ಇತ್ತು. ಶ್ಯಾಮ ಅದರ ಉಗ್ರಾಣಿ. ಮೂಸಕುಂಞಿಗೆ ಡಬ್ಬಿ ಎಣಿಸಿ ಕೊಡುತ್ತಿದ್ದವನು ಅವನೇ ಆದ್ದರಿಂದ ನಾಳೆ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಿತ್ತು. ಠಾಣೆಯಲ್ಲಿ ಹೇಳಿಕೆಗೆ ಸಹಿ ಹಾಕಿ, ಮಾವನ ಜತೆಯೇ ಹೋದರಾಯಿತೆಂದು ಬೆಳಗ್ಗೆಯೇ ಬಂದಿದ್ದ.

ಮೇದಪ್ಪ ಬಂದ ಭರಕ್ಕೆ ಬೆಂಚು ಅಲುಗಿತು. ಶ್ಯಾಮ ತನ್ನ ಚರ್ಮದ ಚೀಲವನ್ನು ಮೆಲ್ಲನೆ ಆಚೆ ಸರಿಸಿದ.

"ಮೆಲ್ಲ, ಮಾವ. ವಸುಮತಿಯ ಟಾನಿಕ್ ಉಂಟು, ಗಾಜು. ಬರುವಾಗ ಮಂಗಳೂರಿನ ಬಸ್ಸಿನಲ್ಲಿ ತರಿಸಿದ್ದು."

ವಸುಮತಿ ಮೇದಪ್ಪನ ಒಬ್ಬಳೇ ಮಗಳು. ಈಗ ಆರು ತಿಂಗಳ ಬಸುರಿ. ದೀಪಾವಳಿಗೆ ಗಂಡ ಹೊಲಿಗೆ ಮಿಶನ್ ತಂದುಕೊಟ್ಟನೆಂದು ಅವಳು ಬರೆದ ಕಾಗದ ಇನ್ನೂ ಮೇದಪ್ಪನ ಪೆಟ್ಟಿಗೆಯಲ್ಲಿತ್ತು.

ಮೇದಪ್ಪ ಒಳಗೆ ಹೋಗಿ ಮರದ ಪೆಟ್ಟಿಗೆಯ ಬೀಗ ತೆಗೆದ. ತಗಡಿನ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಬಾಯಿಗೆ ಸುತ್ತಿದ ಬಟ್ಟೆಯ ಮೇಲೆ ಕೆಂಪು ಅರಗು, ಅದರಲ್ಲಿ ಅವನೇ ಒತ್ತಿದ ಮೊಹರು.

ಕಂಬಿಯ ಹಿಂದೆ ಮೂಸಕುಂಞಿ ಎದ್ದು ನಿಂತ. ಅರುವತ್ತು ದಾಟಿದ ಮನುಷ್ಯ. ಹನ್ನೊಂದು ದಿನದಲ್ಲಿ ಗಡ್ಡ ಪೂರಾ ಬಿಳಿಯಾಗಿತ್ತು.

"ಎಂತ ಮೇದಪ್ಪಣ್ಣ, ಇವತ್ತೇ ಕೋರ್ಟಾ? ಅಥವಾ ನಿಮ್ಮ ಗಂಜಿ ಮುಗಿದು ನನ್ನನ್ನು ಮನೆಗೆ ಕಳಿಸುದಾ?"

"ಬ್ಯಾರಿ, ನೀನು ಕಳ್ಳ ಅಲ್ಲ" ಎಂದ ಮೇದಪ್ಪ. ಹಿತ್ತಲಲ್ಲಿ ಕಂಡದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದ.

ಮೂಸಕುಂಞಿ ಕಂಬಿಗೆ ಹಣೆ ಒರಗಿಸಿದ. "ಪಾಪ, ಆ ಅಮ್ಮ" ಎಂದ. "ನನ್ನ ಮೊಮ್ಮಗಳಿಗೆ ಎಷ್ಟು ಹೊತ್ತು ಉಂಟು?"

"ಕತ್ತಲೆಯವರೆಗೆ."

"ಹಾಗಾದ್ರೆ ನನ್ನ ಮುಖ ನೋಡುದು ಎಂತಕ್ಕೆ? ಡಬ್ಬಿ ಒಡೀರಿ!"

"ಮಾವ!" ಶ್ಯಾಮ ಬಾಗಿಲಿಗೆ ಬಂದಿದ್ದ. "ಹುಚ್ಚು ಮಾಡ್ಬೇಡಿ. ಮೊಹರು ಒಡೆದ್ರೆ ನಿಮ್ಮ ಕೆಲಸ ಹೋಗ್ತದೆ. ಅದು ಹೋಗ್ಲಿ. ಬ್ಯಾರಿಯನ್ನು ಉಳಿಸುವ ಸಾಕ್ಷಿ ಅಂದ್ರೆ ಇದೊಂದೇ ಡಬ್ಬಿ. ಕೋರ್ಟು ಇದನ್ನು ಪರೀಕ್ಷೆಗೆ ಕಳಿಸ್ತದೆ, ಅಸಲು ಎಣ್ಣೆ ಅಂತ ಬರ್ತದೆ, ಇವರು ಬಿಡುಗಡೆ. ಒಡೆದ ಡಬ್ಬಿಯನ್ನು ಯಾರು ನಂಬ್ತಾರೆ? ಪೊಲೀಸರೇ ಎಣ್ಣೆ ಬದಲಿಸಿದ್ರು ಅಂತಾರೆ. ಇವರ ಅಂಗಡಿಯಲ್ಲಿ ನೆಲಗಡಲೆ ಎಣ್ಣೆಯ ಪೀಪಾಯಿ ಸಿಕ್ಕಿದ್ದು ಮರೆತುಹೋಯ್ತಾ?"

ಮಾತು ಸರಿಯಾಗಿಯೇ ಇತ್ತು. ಒಳ್ಳೆಯ ವಕೀಲನೂ ಇಷ್ಟು ಚೊಕ್ಕವಾಗಿ ಹೇಳುತ್ತಿರಲಿಲ್ಲ. ಅಳಿಯನಿಗೆ ಬ್ಯಾರಿಯ ಮೇಲೆ ಇಷ್ಟು ಕಾಳಜಿ ಇದೆಯೆಂದು ಮೇದಪ್ಪನಿಗೆ ಒಳಗೊಳಗೇ ಸಂತೋಷವೂ ಆಯಿತು.

"ಅಂಗಡಿ ಇಟ್ಟವನ ಹತ್ತಿರ ನೆಲಗಡಲೆ ಎಣ್ಣೆ ಇರದೆ ಗಂಗೋದಕ ಇರ್ತದಾ?" ಎಂದ ಮೂಸಕುಂಞಿ. ಆಮೇಲೆ ಸ್ವರ ತಗ್ಗಿಸಿದ. "ಶ್ಯಾಮ, ನೀನು ನನ್ನ ಒಳ್ಳೆಯದಕ್ಕೇ ಹೇಳುದು ಮಗ. ಆದ್ರೆ ನನಗೆ ಅರುವತ್ಮೂರು ಆಯ್ತು. ಇನ್ನು ನೋಡ್ಬೇಕಾದ್ದು ಎಂತ ಉಂಟು ನನಗೆ? ಅವಳು ಇನ್ನೂ ಸರಿಯಾಗಿ ಕಡಲನ್ನೇ ನೋಡ್ಲಿಲ್ಲ. ಒಡೀರಿ, ಮೇದಪ್ಪಣ್ಣ. ಸಾಕ್ಷಿ ಕುಡಿದು ಹುಡುಗಿಗೆ ಕಣ್ಣು ಬಂದ್ರೆ ಅದಕ್ಕಿಂತ ದೊಡ್ಡ ಸಾಕ್ಷಿ ಉಂಟಾ?"

ಅಂಗಳದಲ್ಲಿ ಹೆಜ್ಜೆಯ ಸದ್ದಾಯಿತು. ಸಾರಮ್ಮ ಮಗುವನ್ನು ಎತ್ತಿಕೊಂಡು ಎರಡು ಮೈಲು ಓಡುನಡಿಗೆಯಲ್ಲಿ ಬಂದಿದ್ದಳು. ಪರಮೇಶ್ವರಿಯಮ್ಮ ಹೋಗಿ ಎಲ್ಲ ಹೇಳಿರಬೇಕು. ಸಾರಮ್ಮ ಅಳುತ್ತಿರಲಿಲ್ಲ, ಯಾರನ್ನೂ ಬೈಯುತ್ತಿರಲಿಲ್ಲ. ಮಾವಿನ ಮರದ ಬುಡದಲ್ಲಿ ಕೂತು ಮಗುವಿನ ಮುಖವನ್ನು ಠಾಣೆಯ ಬಾಗಿಲಿನ ಕಡೆ ತಿರುಗಿಸಿಕೊಂಡಳು. ಕೈಯಲ್ಲಿ ಚಮಚ ಇತ್ತು. ಮನೆಯಿಂದಲೇ ಹಿಡಿದುಕೊಂಡು ಬಂದ ಚಮಚ.

ಅದನ್ನು ನೋಡಿದ ಮೇಲೆ ಮೇದಪ್ಪ ಯಾರ ಮಾತಿಗೂ ಕಾಯಲಿಲ್ಲ.

ಪೇನಾಕತ್ತಿಯ ಬೆನ್ನಿನಿಂದ ಹೊಡೆದ. ಅರಗು ಎರಡು ಹೋಳಾಗಿ ಮೇಜಿನಿಂದ ಉರುಳಿತು. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ತಾನು ಹಾಕಿದ ಮೊಹರನ್ನು ತಾನೇ ಒಡೆದದ್ದು ಅದೇ ಮೊದಲು. ಬಟ್ಟೆ ಬಿಚ್ಚಿದ. ಮುಚ್ಚಳದ ಬೆಸುಗೆಗೆ ಕತ್ತಿ ಹಾಕಿ ಎಬ್ಬಿಸಿದ. ಬಾಗಿಲಲ್ಲಿ ಶ್ಯಾಮ ಏನೋ ಹೇಳಿದ, ಅದು ಕಿವಿಗೆ ಬೀಳಲಿಲ್ಲ.

ಮುಚ್ಚಳ ಮೇಲೆ ಬಂತು.

ಮೇದಪ್ಪ ಕಾದ. ಆ ಕೆಟ್ಟ ವಾಸನೆ ಈಗ ಕೋಣೆ ತುಂಬಬೇಕು, ಕಂಬಿಯ ಹಿಂದಿನ ಮುದುಕ ಮೂಗು ಮುಚ್ಚಿ ನಗಬೇಕು ಎಂದು ಕಾದ.

ಏನೂ ಬರಲಿಲ್ಲ.

ಅವನು ಬಗ್ಗಿ ಡಬ್ಬಿಯೊಳಕ್ಕೆ ಮೂಗು ಹಾಕಿದ. ತೀರ ತಳದಲ್ಲಿ, ದೂರದ ನೆಂಟನ ಹಾಗೆ, ಮೀನಿನ ಒಂದು ಎಳೆ. ಉಳಿದದ್ದೆಲ್ಲ ನೆಲಗಡಲೆ.

"ಎಂತ ಆಯ್ತು? ಯಾಕೆ ಮಾತಾಡುದಿಲ್ಲ?" ಕಂಬಿಯ ಹಿಂದಿನಿಂದ ಮೂಸಕುಂಞಿ ಕೇಳಿದ.

ಮೇದಪ್ಪನ ಬೆರಳು ಮುಚ್ಚಳದ ಅಂಚಿನ ಮೇಲೆ ಓಡಿತು. ಕಾರ್ಖಾನೆಯ ಬೆಸುಗೆ ಕಪ್ಪು ತಿರುಗಿತ್ತು. ಅದರ ಮೇಲೊಂದು ಸುತ್ತು ಹೊಸ ಬೆಸುಗೆ ಬೆಳ್ಳಗೆ ಹೊಳೆಯುತ್ತಿತ್ತು. ಹನ್ನೊಂದು ದಿನದ ಹಿಂದೆ ಅವನು ಅದರ ಮೇಲೆಯೇ ಬಟ್ಟೆ ಸುತ್ತಿ ಅರಗು ಹಾಕಿದ್ದ. ನೋಡಿರಲಿಲ್ಲ.

ಈಚಿನವು ಒಳ್ಳೆಯ ಮಾಲು, ಮೂರೇ ದಿನ ಸಾಕು. ಪರಮೇಶ್ವರಿಯಮ್ಮ ಅದನ್ನು ಹೆಮ್ಮೆಯಿಂದ ಹೇಳಿದ್ದರು. ಮೂರು ದಿನದಲ್ಲಿ ವಾಸನೆ ಹೋಗಿದ್ದರೆ, ಹೋಗಲು ಅಲ್ಲಿ ಇದ್ದದ್ದೇ ಅಷ್ಟು. ಮೊದಲ ಡಬ್ಬಿಗಳ ಎಣ್ಣೆ ಅವರ ಬಿಸಿಲಿನಲ್ಲಿ ಸತ್ತಿತ್ತು. ಆಮೇಲಿನ ಡಬ್ಬಿಗಳಲ್ಲಿ ಎಣ್ಣೆಯೇ ಬಂದಿರಲಿಲ್ಲ. ಯಾವ ಮಗುವಿನ ಕಣ್ಣು ಯಾವುದರಿಂದ ಹೋಯಿತೆಂದು ಇನ್ನು ದೇವರೂ ಬಿಡಿಸಿ ಹೇಳಲಾರ. 

ಬೆಸುಗೆ ಹಾಕಿದ್ದು ಯಾರು? ದಾರಿಯಲ್ಲಿ ಡಬ್ಬಿ ಮುಟ್ಟಿದವರು ಇಬ್ಬರೇ. ಒಬ್ಬ ಸಾಗಿಸಿದವನು. ಅವನು ಈಗತಾನೇ ಡಬ್ಬಿ ಒಡೆಯಿರೆಂದು ಕಂಬಿ ಹಿಡಿದು ಕೂಗಿದ್ದ. ಇನ್ನೊಬ್ಬ ಎಣಿಸಿ ಕೊಟ್ಟವನು. ಅವನು ಒಡೆಯಬೇಡಿ ಎಂದಿದ್ದ.

ಇಷ್ಟು ದಿನ ಸ್ವಂತ ಉಗ್ರಾಣದಲ್ಲಿ ಡಬ್ಬಿಗಟ್ಟಲೆ ಎಣ್ಣೆ ಇಟ್ಟುಕೊಂಡಿದ್ದವನು ಬಸುರಿ ಹೆಂಡತಿಗೆ ಮಂಗಳೂರಿನಿಂದ ಟಾನಿಕ್ ತರಿಸುವುದು ಯಾಕೆ?

ಮೇದಪ್ಪನಿಗೆ ತಿರುಗಿ ನೋಡಲು ಧೈರ್ಯ ಬರಲಿಲ್ಲ. ಡಬ್ಬಿಯನ್ನೇ ನೋಡುತ್ತ ಕೇಳಿದ:

"ಶ್ಯಾಮ, ವಸುಮತಿಯ ಟಾನಿಕ್ ಎಂತದ್ದು?"

ಜಗಲಿಯ ಬೆಂಚಿನ ಕಡೆಯಿಂದ ಚೀಲ ಬಿಚ್ಚಿದ ಸದ್ದು ಬಂತು.

"ಮೀನೆಣ್ಣೆಯಾ?"

"ಡಾಕ್ಟ್ರು ಬರೆದುಕೊಟ್ಟದ್ದು" ಎಂದ ಶ್ಯಾಮ. "ಅವಳಿಗೆ ಸಂಜೆಯಾದ್ರೆ ಕಣ್ಣು ಮಂಜು ಅಂತ."

ಮೇದಪ್ಪ ತಿರುಗಿದ.

ಶ್ಯಾಮ ಜಗಲಿಯ ತುದಿಗೆ, ಮೆಟ್ಟಿಲಿನ ಮೇಲಕ್ಕೆ ಸರಿದಿದ್ದ. ಚೀಲ ಬೆಂಚಿನ ಮೇಲೆ ಬಾಯಿ ತೆರೆದು ಬಿದ್ದಿತ್ತು. ಅವನ ಕೈಯಲ್ಲಿ ಕಪ್ಪು ಕಾಗದ ಸುತ್ತಿದ ಸೀಸೆ. ಕೆಳಗೆ ಮುರಕಲ್ಲು ಹಾಸಿದ ಅಂಗಳ.

"ಹತ್ತಿರ ಬರ್ಬೇಡಿ, ಮಾವ. ಗಾಜು."

"ಶ್ಯಾಮ, ಆ ಹುಡುಗಿ..."

"ನನಗೆ ಗೊತ್ತಿರ್ಲಿಲ್ಲ." ಅವನು ನಿಜವಾಗಿಯೂ ಅಳುತ್ತಿದ್ದ. "ಸತ್ಯವಾಗಿ ಗೊತ್ತಿರ್ಲಿಲ್ಲ, ಮಾವ. ಬರೀ ಶಕ್ತಿಗೆ ಕೊಡುವ ಎಣ್ಣೆ ಅಂತ ತಿಳಿದಿದ್ದೆ. ಒಂದೆರಡು ಡಬ್ಬಿ ಮಾರುದು ಅಂತ ಶುರುವಾದದ್ದು, ಮತ್ತೆ ಬಿಡ್ಲಿಕ್ಕೆ ಆಗ್ಲಿಲ್ಲ. ಕಣ್ಣು ಹೋಗ್ತದೆ ಅಂತ ಯಾರೂ ಹೇಳ್ಲಿಲ್ಲ."

"ಹೇಳಿದ ಮೇಲೆ? ಈ ಹನ್ನೊಂದು ದಿನ?"

ಶ್ಯಾಮ ಮೂಗು ಒರೆಸಿಕೊಂಡ. ಒರೆಸಿದ ಮೇಲೆ ಅವನ ಸ್ವರ ಬೇರೆಯಾಗಿತ್ತು.

"ಇನ್ನು ಮೂರು ತಿಂಗಳಿಗೆ ವಸುಮತಿಗೆ ಹೆರಿಗೆ. ಮಗು ಹುಟ್ಟುವಾಗ ಅದರ ಅಪ್ಪ ಜೈಲಿನಲ್ಲಿ ಇರ್ಬೇಕಾ? ಅರಗು ನಿಮ್ಮ ಮೇಜಿನಲ್ಲೇ ಉಂಟು. ಡಬ್ಬಿ ಮುಚ್ಚಿ ಮೊದಲಿನ ಹಾಗೆ ಮೊಹರು ಹಾಕಿ. ನಾಳೆ ಕೋರ್ಟಿಗೆ ಹೋಗ್ಲಿ. ಈ ಸೀಸೆ ಪೂರಾ ಆ ಮಗುವಿಗೆ. ಇಲ್ಲದಿದ್ರೆ..." ಅವನು ಕೈಯನ್ನು ಕಲ್ಲಿನ ಮೇಲಕ್ಕೆ ಚಾಚಿದ.

ಮರದ ಬುಡದಿಂದ ಸಾರಮ್ಮ ಎದ್ದು ನಿಂತಳು. ಒಳಗಿನ ಮಾತು ಅವಳಿಗೆ ಕೇಳಿರಲಿಲ್ಲ. ಅವಳ ಕಣ್ಣು ಸೀಸೆಯ ಮೇಲಿತ್ತು.

"ಶ್ಯಾಮಣ್ಣ, ಅದು ಎಣ್ಣೆಯಾ? ಮಗುವಿಗಾ?"

ಶ್ಯಾಮ ಅವಳ ಕಡೆ ನೋಡಲಿಲ್ಲ.

ಕಂಬಿಯ ಸಂದಿನಿಂದ ಎಲ್ಲ ಕೇಳಿಸಿಕೊಂಡಿದ್ದ ಮೂಸಕುಂಞಿ ಮೇಜಿನ ಕಡೆ ಕೈ ತೋರಿಸಿದ. "ಹಾಕಿ, ಮೇದಪ್ಪಣ್ಣ" ಎಂದ. ಮಗಳಿಗೆ ಕೇಳಿಸದಷ್ಟು ಮೆಲ್ಲಗೆ. "ಮೊಹರು ಹಾಕಿ. ನಾನು ಕಳ್ಳ ಅಂತ ಬೇಕಾದ್ರೆ ಬರೆದು ಕೊಡ್ತೇನೆ."

ಪಡುವಣದ ಬಿಸಿಲು ಇನ್ನೂ ಠಾಣೆಯ ಗೋಡೆಯ ಮೇಲೆ ಹಳದಿಯಾಗಿ ಬಿದ್ದಿತ್ತು. ಲೈಲಾ ತಾಯಿಯ ಕತ್ತನ್ನು ತಡವಿ ಹಿಡಿದುಕೊಂಡಳು.

"ಕತ್ತಲೆ ಆಯ್ತಾ, ಉಮ್ಮ?"

ಮೇದಪ್ಪ ಡಬ್ಬಿಗೆ ಮುಚ್ಚಳ ಒತ್ತಿ, ಬಟ್ಟೆ ಸುತ್ತಿ, ಬೆಂಕಿಕಡ್ಡಿ ಗೀರಿದ. ಅರಗಿನ ತುಂಡನ್ನು ಉರಿಯ ಮೇಲೆ ಹಿಡಿದ. ತುದಿ ಮೆತ್ತಗಾಗಿ, ಕರಗಿ, ಒಂದು ಕೆಂಪು ಹನಿಯಾಗಿ ಡಬ್ಬಿಯ ಮೇಲೆ ತೂಗತೊಡಗಿತು.